ಮನೆ ಮೇಲ್ಛಾವಣಿ ಸೌರ ವಿದ್ಯುತ್ ಸಹಾಯಧನ: ಸದಸ್ಯರು ತಿಳಿದಿರಬೇಕಾದ ಲೆಕ್ಕಾಚಾರ



ನಮ್ಮ ಪಂಚಾಯಿತಿಯ ಗ್ರಾಮಸಭೆಯೊಂದರಲ್ಲಿ ‘ಪಿಎಂ ಸೂರ್ಯ ಘರ್: ಮುಫ್ತ್ ಬಿಜಲಿ ಯೋಜನೆ’ಯನ್ನು ವಿವರಿಸುತ್ತ, ಸರ್ಕಾರವು 78,000 ರೂಪಾಯಿ ನೀಡುತ್ತದೆ ಎಂದು ಹೇಳಿ ಕುಳಿತೆನು. ಆಗ ಹಿರಿಯ ರೈತರೊಬ್ಬರು ಎದ್ದು, “ಆ ದುಡ್ಡು ಮೊದಲೇ ಕಳೆದು ಕೊಡ್ತಾರೋ, ನಾವು ಪೂರ್ತಿ ಕಟ್ಟಿದ ಮೇಲೆ ಕೊಡ್ತಾರೋ ಸ್ವಾಮಿ?” ಎಂದು ಕೇಳಿದರು. ಹೇಳಲೇಬೇಕಾಗಿದ್ದ ಮಾತನ್ನೇ ನಾನು ಬಿಟ್ಟಿದ್ದೆ. ಈ ಪಾಠವನ್ನು ಅವರ ಪ್ರಶ್ನೆಯಿಂದಲೇ ಆರಂಭಿಸುವುದು ಸೂಕ್ತ.

ಸಹಾಯಧನವು ನಂತರ ಬರುತ್ತದೆ. ಘಟಕ ಅಳವಡಿಸಿ, ನೆಟ್ ಮೀಟರ್ ಕೂಡಿಸಿ, ವಿದ್ಯುತ್ ಸರಬರಾಜು ಕಂಪನಿಯ ಪರಿಶೀಲನೆ ಮುಗಿದ ಬಳಿಕವೇ ಅದು ಮನೆಯ ಮಾಲೀಕರ ಬ್ಯಾಂಕ್ ಖಾತೆಗೆ ನೇರವಾಗಿ ಜಮೆಯಾಗುತ್ತದೆ. ಅಲ್ಲಿಯವರೆಗಿನ ಹಣವನ್ನು ಕುಟುಂಬವೇ ಹೊಂದಿಸಿಕೊಳ್ಳಬೇಕು. ಕೈಸಾಲಕ್ಕೆ ಹೋಗುವವರಿಗೆ, 3 ಕಿಲೋವ್ಯಾಟ್‌ವರೆಗಿನ ಘಟಕಗಳಿಗೆ ಬ್ಯಾಂಕುಗಳಲ್ಲಿ ಆಧಾರರಹಿತ ಸಾಲದ ವ್ಯವಸ್ಥೆಯಿದೆ ಎಂಬುದನ್ನು ಮೊದಲು ತಿಳಿಸಬೇಕು. ಯೋಜನೆ ಮಂಜೂರಾದ 2024ರಲ್ಲಿ ಅದರ ಬಡ್ಡಿ ಶೇ. 7ರ ಆಸುಪಾಸಿನಲ್ಲಿತ್ತು. ಊರಿನ ಬಡ್ಡಿ ದರ ತಮಗೆ ತಿಳಿದೇ ಇದೆ.

ಮೊದಲ 2 ಕಿಲೋವ್ಯಾಟ್‌ವರೆಗೆ ಕಿಲೋವ್ಯಾಟ್ ಒಂದಕ್ಕೆ 30,000 ರೂ., ಮೂರನೆಯದಕ್ಕೆ 18,000 ರೂ. ಸಹಾಯಧನ ದೊರೆಯುತ್ತದೆ. ಒಟ್ಟು 78,000 ರೂಪಾಯಿಯೇ ಗರಿಷ್ಠ. 5 ಕಿಲೋವ್ಯಾಟ್ ಹಾಕಿಸಿದರೂ ಅಷ್ಟೇ. ಕಿಲೋವ್ಯಾಟ್ ಒಂದಕ್ಕೆ ನೆರಳಿಲ್ಲದ ಸುಮಾರು 100 ಚದರ ಅಡಿ ಛಾವಣಿ ಬೇಕು. ಅದರಿಂದ ತಿಂಗಳಿಗೆ 100ರಿಂದ 120 ಯೂನಿಟ್ ಉತ್ಪಾದನೆಯಾಗುತ್ತದೆ.

ಹಾಗಾದರೆ ಊರಿನ ಎಲ್ಲರಿಗೂ ಇದು ಲಾಭವೇ? ಇಲ್ಲಿ ನಾವು ಪ್ರಾಮಾಣಿಕವಾಗಿರಬೇಕು. ನಮ್ಮ ರಾಜ್ಯದಲ್ಲಿ 2023ರಿಂದ ಗೃಹಜ್ಯೋತಿ ಜಾರಿಯಲ್ಲಿದೆ. ತಿಂಗಳಿಗೆ 60 ಯೂನಿಟ್ ಬಳಸಿ ಶೂನ್ಯ ಬಿಲ್ ಪಡೆಯುತ್ತಿರುವ ಕುಟುಂಬಕ್ಕೆ ಸೌರಫಲಕದಿಂದ ಉಳಿಯುವ ಹಣ ಬಹುತೇಕ ಏನೂ ಇಲ್ಲ. ಅಂತಹವರನ್ನು ಸಾಲಕ್ಕೆ ಪ್ರೇರೇಪಿಸುವುದು ಸರಿಯಲ್ಲವೆಂಬುದು ನನ್ನ ಸ್ಪಷ್ಟ ಅಭಿಪ್ರಾಯ.

200 ಯೂನಿಟ್ ಮೀರಿ ಪೂರ್ಣ ಬಿಲ್ ಕಟ್ಟುವ ಮನೆಗಳ ಸಂಗತಿ ಬೇರೆ. ಉದಾಹರಣೆಗೆ, ತಿಂಗಳಿಗೆ 250 ಯೂನಿಟ್ ಬಳಸುವ ಕುಟುಂಬವೊಂದು 2 ಕಿಲೋವ್ಯಾಟ್ ಘಟಕ ಹಾಕಿಸುತ್ತದೆ ಎನ್ನೋಣ. ಗುತ್ತಿಗೆದಾರರ ದರ 1,30,000 ರೂ. ಎಂದೂ ಯೂನಿಟ್ ದರ 6 ರೂ. ಎಂದೂ ಇಟ್ಟುಕೊಳ್ಳೋಣ. ಸಹಾಯಧನ 60,000 ರೂ. ಬಂದ ಮೇಲೆ ಕೈಯಿಂದ ಹೋದದ್ದು 70,000 ರೂ. ತಿಂಗಳಿಗೆ 220 ಯೂನಿಟ್ ಉತ್ಪಾದನೆಯಾದರೆ ಉಳಿತಾಯ 1,320 ರೂ., ವರ್ಷಕ್ಕೆ 15,840 ರೂ. ಬಡ್ಡಿಯನ್ನು ಬಿಟ್ಟು ನೋಡಿದರೆ, ಹಾಕಿದ ಹಣ ಸುಮಾರು ನಾಲ್ಕೂವರೆ ವರ್ಷದಲ್ಲಿ ಮರಳುತ್ತದೆ. ಫಲಕಗಳಿಗೆ ಸಾಮಾನ್ಯವಾಗಿ 25 ವರ್ಷಗಳ ಉತ್ಪಾದನಾ ಖಾತರಿ ಇರುತ್ತದೆ. ನಿಗದಿತ ಶುಲ್ಕವನ್ನು ಮಾತ್ರ ಪ್ರತಿ ತಿಂಗಳು ಕಟ್ಟುತ್ತಿರಬೇಕು. “ಬಿಲ್ಲೇ ಬರುವುದಿಲ್ಲ” ಎಂದು ಯಾರಿಗೂ ಭರವಸೆ ನೀಡಬಾರದು.

ಇನ್ನೊಂದು ತಪ್ಪು ನಂಬಿಕೆಯಿದೆ. ಕರೆಂಟ್ ಹೋದಾಗಲೂ ಸೋಲಾರ್ ಉರಿಯುತ್ತದೆ ಎಂದು ಜನ ತಿಳಿದಿದ್ದಾರೆ. ಬ್ಯಾಟರಿಯಿಲ್ಲದೆ ಜಾಲಕ್ಕೆ ಜೋಡಿಸಿದ ಘಟಕವು ಲೈನಿನಲ್ಲಿ ವಿದ್ಯುತ್ ಇಲ್ಲವಾದೊಡನೆ, ಸುಡುಬಿಸಿಲಿದ್ದರೂ, ತಾನಾಗಿಯೇ ನಿಲ್ಲುತ್ತದೆ. ಅದು ದೋಷವಲ್ಲ. ಮನೆಯಿಂದ ವಿದ್ಯುತ್ ಹಿಂದಕ್ಕೆ ಹರಿದರೆ ಕಂಬದ ಮೇಲೆ ದುರಸ್ತಿ ಮಾಡುತ್ತಿರುವ ಲೈನ್‌ಮನ್‌ನ ಜೀವಕ್ಕೆ ಅಪಾಯ. ಆ ಕಾರಣಕ್ಕಾಗಿಯೇ ಇನ್ವರ್ಟರ್ ಅನ್ನು ಹಾಗೆ ರೂಪಿಸಲಾಗಿದೆ. ಎಂಜಿನಿಯರಿಂಗ್ ಓದಿದ್ದು ಉಪಯೋಗಕ್ಕೆ ಬರುವುದು ಇಂತಹ ಪ್ರಶ್ನೆಗಳಿಗೇ.

ಅರ್ಜಿಗಳು ನಿಲ್ಲುವುದು ಬಹುಮಟ್ಟಿಗೆ ಹೆಸರಿನ ವ್ಯತ್ಯಾಸದಿಂದ. ನಮ್ಮಲ್ಲಿ ಮನೆಯ ಖಾತೆ ಮಗನ ಹೆಸರಿಗೆ ಬಂದಿದ್ದು, ಮೀಟರಿನ ಆರ್.ಆರ್. ಸಂಖ್ಯೆ ಇನ್ನೂ ತೀರಿಹೋದ ತಾತನ ಹೆಸರಿನಲ್ಲಿರುವ ಉದಾಹರಣೆಗಳು ಬೇಕಾದಷ್ಟಿವೆ. ಅಣ್ಣತಮ್ಮಂದಿರ ಪಾಲು ಆಗಿಲ್ಲದ ಮನೆಯಾದರೆ ಛಾವಣಿ ಯಾರದು ಎಂಬ ತಕರಾರೂ ಸೇರಿಕೊಳ್ಳುತ್ತದೆ. ಹೀಗಿರುವಾಗ ಪೋರ್ಟಲ್‌ನಲ್ಲಿ ನೋಂದಾಯಿಸುವುದಕ್ಕೆ ಮುಂಚೆಯೇ ಖಾತೆ, ಮೀಟರ್ ಮತ್ತು ಬ್ಯಾಂಕ್ ಪಾಸ್‌ಬುಕ್ ಮೂರನ್ನೂ ಎದುರಿಗಿಟ್ಟುಕೊಂಡು ಹೆಸರು ಸರಿಪಡಿಸಿಕೊಳ್ಳುವಂತೆ ತಮ್ಮ ವಾರ್ಡಿನವರಿಗೆ ಹೇಳಿ. ಖಾತೆ ಬದಲಾವಣೆಯ ಕೆಲಸ ನಮ್ಮ ಕಚೇರಿಯದೇ. ಅದನ್ನು ವಿಳಂಬಿಸಿದರೆ ತಪ್ಪು ನಮ್ಮದಾಗುತ್ತದೆ.

ಪೋರ್ಟಲ್‌ನಲ್ಲಿ ನೋಂದಾಯಿತರಾದ ಗುತ್ತಿಗೆದಾರರಿಂದ ಮಾತ್ರ ಕೆಲಸ ಮಾಡಿಸಬೇಕು. ಸೌರಕೋಶವೂ ಫಲಕವೂ ಭಾರತದಲ್ಲಿಯೇ ತಯಾರಾದುದಾಗಿರಬೇಕು. ಅಗ್ಗವೆಂದು ಆಮದು ಫಲಕ ಹಾಕಿಸಿದರೆ ಸಹಾಯಧನ ಕೈತಪ್ಪುತ್ತದೆ. ಐದು ವರ್ಷಗಳ ನಿರ್ವಹಣೆ ಗುತ್ತಿಗೆದಾರರ ಹೊಣೆ. ಇದನ್ನು ಕರಾರಿನಲ್ಲಿ ಬರೆಸಿಕೊಳ್ಳಬೇಕು.

ಪಂಚಾಯಿತಿಗೂ ಇದರಲ್ಲಿ ಪಾಲಿದೆ. ತನ್ನ ವ್ಯಾಪ್ತಿಯಲ್ಲಿ ಅಳವಡಿಕೆಯಾದ ಪ್ರತಿ ಮನೆಗೆ ಸ್ಥಳೀಯ ಸಂಸ್ಥೆಗೆ 1,000 ರೂ. ಪ್ರೋತ್ಸಾಹಧನ ನಿಗದಿಯಾಗಿದೆ. ಜಿಲ್ಲೆಗೊಂದು ಮಾದರಿ ಸೌರಗ್ರಾಮಕ್ಕೆ 1 ಕೋಟಿ ರೂ. ಅನುದಾನವಿದ್ದು, 5,000ಕ್ಕಿಂತ ಹೆಚ್ಚು ಜನಸಂಖ್ಯೆಯ ಕಂದಾಯ ಗ್ರಾಮಗಳು ಸ್ಪರ್ಧಿಸಬಹುದು. ಈ ಮೊತ್ತಗಳ ಆಸೆಯಿಂದ ಶೂನ್ಯ ಬಿಲ್ಲಿನ ಮನೆಗಳನ್ನು ಪಟ್ಟಿಗೆ ಸೇರಿಸದೆ, 200 ಯೂನಿಟ್ ಮೀರಿ ಬಳಸುವ ಮನೆಗಳ ಪಟ್ಟಿಯನ್ನು ಸೆಕ್ಷನ್ ಕಚೇರಿಯ ನೆರವಿನಿಂದ ಸಿದ್ಧಪಡಿಸಿ, ಮುಂದಿನ ವಾರ್ಡ್ ಸಭೆಯ ಕಾರ್ಯಸೂಚಿಯಲ್ಲಿ ಮಂಡಿಸಲು ಕೋರಲಾಗಿದೆ.