ಇಂದಿನ ಧಮ್ಮ ಚಿಂತನೆ: ಜಾವೇರ್ ಬರೆದಿಟ್ಟ ಕೊನೆಯ ಕಾಗದ



ಹತ್ತು ಸಂಯೋಜನಗಳಲ್ಲಿ, ಅಂದರೆ ಬಂಧನಗಳಲ್ಲಿ, ಮೂರನೆಯದು ‘ಸೀಲಬ್ಬತ ಪರಾಮಾಸ’. ನೇಮ ವ್ರತಗಳನ್ನು ಬಿಗಿಯಾಗಿ ಹಿಡಿದುಕೊಂಡು, ಅದರಿಂದಲೇ ತಾನು ಶುದ್ಧನಾದೆ ಎಂದು ನಂಬುವುದು. ಇದು ಹೋಮ, ಮಡಿ ಮಾಡುವವರ ಕಾಯಿಲೆ, ನಮ್ಮದಲ್ಲ ಎಂದುಕೊಳ್ಳುತ್ತೇವೆ. ಆದರೆ ವಿಕ್ಟರ್ ಹ್ಯೂಗೋನ ‘ಲೆ ಮಿಜರಾಬ್ಲ್’ (1862) ಕಾದಂಬರಿಯ ಪೊಲೀಸ್ ಇನ್ಸ್‌ಪೆಕ್ಟರ್ ಜಾವೇರ್‌ಗೆ ಹೋಮವೂ ಇಲ್ಲ, ಮಡಿಯೂ ಇಲ್ಲ. ಕಾನೂನೇ ಅವನ ವ್ರತ.

ಅವನು ಕೆಟ್ಟವನಲ್ಲ, ಅದೇ ಕಷ್ಟ. ಜೈಲಿನಲ್ಲಿ ಹುಟ್ಟಿದವನು, ತಂದೆ ಕೈದಿ. ಲಂಚಕ್ಕೆ ಬಗ್ಗುವವನಲ್ಲ. ಮೇಯರ್ ಮೇಲೆ ಸುಳ್ಳು ದೂರು ಕೊಟ್ಟೆ ಎಂದು ಅನ್ನಿಸಿದಾಗ, ‘ನನ್ನನ್ನು ಕೆಲಸದಿಂದ ತೆಗೆಯಿರಿ’ ಎಂದು ಆ ಮೇಯರ್‌ನನ್ನೇ ಕೇಳುತ್ತಾನೆ. (ದೂರು ನಿಜವಾಗಿತ್ತು! ಆ ಮೇಯರ್ ಜಾನ್ ವಾಲ್ಜಾನ್. ಬ್ರೆಡ್ ಕದ್ದು, ನಂತರ ತಪ್ಪಿಸಿಕೊಳ್ಳಲು ಹೋಗಿ, ಒಟ್ಟು 19 ವರ್ಷ ಶಿಕ್ಷೆ ಅನುಭವಿಸಿದವನು.)

1832ರ ಜೂನ್. ಪ್ಯಾರಿಸ್‌ನಲ್ಲಿ ದಂಗೆ. ಬಂಡಾಯಗಾರರ ಕೈಗೆ ಸಿಕ್ಕಿಬಿದ್ದ ಜಾವೇರ್‌ನನ್ನು ಕೊಲ್ಲುವ ಕೆಲಸವನ್ನು ವಾಲ್ಜಾನ್ ತಾನೇ ಕೇಳಿ ಪಡೆಯುತ್ತಾನೆ. ಮರೆಗೆ ಕರೆದುಕೊಂಡು ಹೋಗಿ ಕಟ್ಟಿದ ಹಗ್ಗ ಕತ್ತರಿಸಿ, ಗಾಳಿಯಲ್ಲಿ ಗುಂಡು ಹಾರಿಸಿ ಬಿಟ್ಟುಬಿಡುತ್ತಾನೆ. ಅದೇ ರಾತ್ರಿ ವಾಲ್ಜಾನ್ ಜಾವೇರ್‌ನ ಕೈಗೆ ಸಿಗುತ್ತಾನೆ. ಜಾವೇರ್ ಅವನನ್ನು ಮನೆವರೆಗೆ ಕರೆತಂದು, ಬಂಧಿಸದೆ ಹೊರಟುಹೋಗುತ್ತಾನೆ.

ನನ್ನನ್ನು ಹೆಚ್ಚು ಕಾಡಿದ್ದು ಮುಂದಿನ ಭಾಗ. ಪೊಲೀಸ್ ಚೌಕಿಗೆ ಹೋಗಿ ಅವನು ಮೇಲಧಿಕಾರಿಗೆ ಒಂದು ಕಾಗದ ಬರೆಯುತ್ತಾನೆ. ಒಣ ಸರ್ಕಾರಿ ಭಾಷೆ, ಅಂಕಿ ಹಾಕಿದ ಸಲಹೆಗಳು. ತಪಾಸಣೆ ವೇಳೆ ಕೈದಿಗಳನ್ನು ಬರಿಗಾಲಲ್ಲಿ ಕಲ್ಲುಹಾಸಿನ ಮೇಲೆ ನಿಲ್ಲಿಸುತ್ತಾರೆ, ಅವರು ಕೆಮ್ಮುತ್ತಾ ಹಿಂದಿರುಗುತ್ತಾರೆ, ಆಸ್ಪತ್ರೆ ಖರ್ಚು ಬರುತ್ತದೆ. ನೇಯ್ಗೆ ಮಾಡುವ ಕೈದಿಯ ದಾರ ಕಡಿದರೆ ಕೂಲಿ ಕತ್ತರಿಸುತ್ತಾರೆ, ಅದು ಗುತ್ತಿಗೆದಾರನ ಅನ್ಯಾಯ. ಇಷ್ಟು ವರ್ಷ ಆ ಕೆಮ್ಮು ಅವನ ಕಿವಿಗೆ ಬಿದ್ದಿತ್ತು! ಕರುಣೆಗೆ ಅವನ ಬಳಿ ಬೇರೆ ಭಾಷೆ ಇರಲಿಲ್ಲ, ಖರ್ಚಿನ ಲೆಕ್ಕದಲ್ಲಿ ಬರೆದ.

ಸಹಿ ಹಾಕಿ, ಸೇನ್ ನದಿಯ ದಂಡೆಗೆ ಹೋದ. ಹಿಂದಿರುಗಲಿಲ್ಲ.

ಅವನನ್ನು ಮುಗಿಸಿದ್ದು ವಾಲ್ಜಾನ್‌ನ ಕರುಣೆ ಎನ್ನುವವರಿದ್ದಾರೆ. ನನಗೆ ಹಾಗನ್ನಿಸದು. ಕಾಗದ ನೋಡಿದರೆ ಅವನ ಕಣ್ಣು ತೆರೆದಿತ್ತು. ಆದರೆ ‘ನಾನು ತಪ್ಪದವನು’ ಎಂಬ ಹಿಡಿತ ಕಳಚಿದಾಗ ನಿಲ್ಲಲು ಬೇರೆ ನೆಲ ಸಿಗಲಿಲ್ಲ. ಅಂಗುಲಿಮಾಲನ ಬದುಕೂ ಹೀಗೇ ಒಂದೇ ದಿನದಲ್ಲಿ ಕುಸಿದಿತ್ತು, ಅವನ ಕೈಯಲ್ಲಿ ರಕ್ತವೂ ಇತ್ತು. ಆದರೆ ಎದುರಿಗೆ ಬುದ್ಧರಿದ್ದರು, ಸಂಘವಿತ್ತು. ಜಾವೇರ್‌ಗೆ ಆ ರಾತ್ರಿ ಇದ್ದದ್ದು ಮೇಲಧಿಕಾರಿಯ ವಿಳಾಸ ಮಾತ್ರ. ಕಲ್ಯಾಣಮಿತ್ರರ ವಿಷಯದಲ್ಲಿ ಬುದ್ಧರು ಆನಂದನ ಮಾತನ್ನು ತಿದ್ದಿದ್ದು ನಿಮಗೆ ನೆನಪಿರಬಹುದು: ಸಾಧನೆಯ ಅರ್ಧವಲ್ಲ, ಪೂರ್ತಿ.

ಇಂದು ಸಂಜೆ ಧ್ಯಾನಕ್ಕೆ ಕುಳಿತಾಗ, ನಿಮ್ಮ ನಂಬಿಕೆಯೊಂದು ಮುರಿದ ರಾತ್ರಿ ನೀವು ಯಾರ ಮನೆ ಬಾಗಿಲು ತಟ್ಟಬಲ್ಲಿರಿ ಎಂದು ಯೋಚಿಸಿ. ಯಾರ ಹೆಸರೂ ಹೊಳೆಯದಿದ್ದರೆ ಭಾನುವಾರದ ಅಧ್ಯಯನದಲ್ಲಿ ಹೇಳಿ, ಮಾತಾಡೋಣ.