ಹಳೇ ಫೋನು ಮನೆ ಬಿಟ್ಟು ಹೋಗಲಿ

ಜರ್ಮನಿಗೆ ಬಂದ ಕುಟುಂಬಗಳು ಬಹಳ ಬೇಗ ಕಲಿಯುವ ವಿದ್ಯೆಯೆಂದರೆ ಖಾಲಿ ಬಾಟಲಿಯನ್ನು ಎಸೆಯದಿರುವುದು. ಒಮ್ಮೆ ಬಳಸಿ ಬಿಡುವ ನೀರಿನ ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ಠೇವಣಿ ಇರುತ್ತದೆ. ಅಂಗಡಿಯ ಯಂತ್ರಕ್ಕೆ ಹಾಕಿದರೆ ಅದು ವಾಪಸ್ಸು. ಈ ಕೆಲಸಕ್ಕೆ ಮಕ್ಕಳೇ ಚೀಲ ಹಿಡಿದು ಮುಂದೆ ಓಡುತ್ತಾರೆ. ಅದೇ ಮನೆಯ ಮೇಜಿನ ಖಾನೆಯಲ್ಲಿ ಒಡೆದ ಫೋನು, ಕೆಟ್ಟ ಚಾರ್ಜರು, ಊರಿಂದ ತಂದ ಟ್ರಿಮ್ಮರು ವರ್ಷಗಟ್ಟಲೆ ಬಿದ್ದಿರುತ್ತವೆ. ಅವನ್ನು ಒಯ್ದು ಕೊಟ್ಟರೆ ಇಲ್ಲಿ ಬಿಡಿಗಾಸೂ ಸಿಗುವುದಿಲ್ಲ.

ಊರಲ್ಲಿ ಹಾಗಿರಲಿಲ್ಲ. ಗುಜರಿಯವರು ಮನೆ ಬಾಗಿಲಿಗೇ ಬಂದು, ತೂಕ ಹಾಕಿ, ದುಡ್ಡು ಎಣಿಸಿ ಹೋಗುತ್ತಿದ್ದರು. ಹೊಸ ಟಿ.ವಿ. ಕೊಂಡರೆ ಎಕ್ಸ್‌ಚೇಂಜ್‌ನಲ್ಲಿ ಹಳೆಯದಕ್ಕೂ ಒಂದಿಷ್ಟು ಬರುತ್ತಿತ್ತು. ಕೆಟ್ಟ ಸಾಮಾನಿಗೂ ಬೆಲೆಯಿದೆ ಎಂದು ಬೆಳೆದ ನಮಗೆ ಅದನ್ನು ಪುಕ್ಕಟೆ ಕೊಡಲು ಕೈ ಬರುವುದಿಲ್ಲ. ಇದರಲ್ಲಿ ತಪ್ಪೇನಿಲ್ಲ. ಆದರೆ ದುಡ್ಡೆಂಬ ಪ್ರೇರಣೆ ಇಲ್ಲದ ಕಡೆ ಇನ್ನೊಂದನ್ನು ಹುಡುಕಿಕೊಳ್ಳಬೇಕಾಗುತ್ತದೆ.

2022ರಲ್ಲಿ ಯುರೋಪಿನ ಆರು ದೇಶಗಳಲ್ಲಿ ಮನೆಮನೆಯ ಸಮೀಕ್ಷೆ ನಡೆಯಿತು. ಸರಾಸರಿ ಒಂದು ಮನೆಯಲ್ಲಿ 74 ವಿದ್ಯುತ್ ಸಾಧನಗಳಿದ್ದವು. ಅವುಗಳಲ್ಲಿ 13 ಸುಮ್ಮನೆ ಕೂತಿದ್ದವು: ಒಂಬತ್ತು ಚೆನ್ನಾಗಿದ್ದೂ ಬಳಸದವು, ನಾಲ್ಕು ಕೆಟ್ಟವು. ಯಾಕೆ ಇಟ್ಟುಕೊಂಡಿದ್ದೀರಿ ಎಂದು ಕೇಳಿದರೆ ಎಲ್ಲಕ್ಕಿಂತ ಹೆಚ್ಚು ಬಂದ ಉತ್ತರ, ಮುಂದೆ ಬೇಕಾಗಬಹುದು ಎಂಬುದೇ. ನಮ್ಮ ಮನೆಗಳಲ್ಲಿ ಇದಕ್ಕೆ ಇನ್ನೊಂದು ಸೇರುತ್ತದೆ: ‘ಊರಿಗೆ ಹೋಗುವಾಗ ಯಾರಿಗಾದರೂ ಕೊಡೋಣ.’ ನಡೆಯುವ ಫೋನಾದರೆ ಅದು ಒಳ್ಳೆಯ ಯೋಚನೆಯೇ. ಒಂದು ಸಾಧನ ಇನ್ನೂ ಎರಡು ವರ್ಷ ಬಾಳಿದರೆ ಅದಕ್ಕಿಂತ ದೊಡ್ಡ ಉಳಿತಾಯವಿಲ್ಲ. ಹಾಗಿದ್ದರೆ ಬರುವ ಪ್ರಯಾಣದಲ್ಲೇ ಒಯ್ಯಿರಿ. ಬ್ಯಾಟರಿ ಉಬ್ಬಿದ್ದನ್ನು, ಸ್ಕ್ರೀನ್ ಸತ್ತದ್ದನ್ನು ಮಾತ್ರ ಸೂಟ್‌ಕೇಸಿಗೆ ಹಾಕಬೇಡಿ. ಉಬ್ಬಿದ ಲಿಥಿಯಂ ಬ್ಯಾಟರಿ ವಿಮಾನಕ್ಕೂ ಅಪಾಯ, ಮನೆಗೂ ಅಪಾಯ.

ಕೈ ಹಿಡಿದು ಜಗ್ಗುವ ಮತ್ತೊಂದು ಭಯ ಫೋಟೊಗಳದ್ದು, ಬ್ಯಾಂಕ್ ಆ್ಯಪ್‌ಗಳದ್ದು. ಈ ಭಯ ನ್ಯಾಯವಾದದ್ದು. ಜರ್ಮನಿಯ ಕಾನೂನು ಕೂಡ ಮಾಹಿತಿ ಅಳಿಸುವ ಹೊಣೆಯನ್ನು ಸಾಧನದ ಮಾಲೀಕರಿಗೇ ಬಿಟ್ಟಿದೆ. ಫೋಟೊಗಳನ್ನು ಬೇರೆಡೆ ಉಳಿಸಿಕೊಂಡು, ಗೂಗಲ್ ಅಥವಾ ಆಪಲ್ ಖಾತೆಯಿಂದ ಹೊರಬಂದು, ಫ್ಯಾಕ್ಟರಿ ರೀಸೆಟ್ ಮಾಡಿ, ಸಿಮ್ ಮತ್ತು ಮೆಮೊರಿ ಕಾರ್ಡ್ ತೆಗೆದಿಡಿ. ಒಂದು ಸಂಜೆಯ ಕೆಲಸ.

ಇಷ್ಟಾದ ಮೇಲೆ ಉಳಿಯುವುದು ದೂರದ ಮಾತು. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪ್ರೇರಣೆ ಇದೇ: ಕೊಡುವ ಜಾಗ ನಾವು ದಿನಾ ಓಡಾಡುವ ದಾರಿಯಲ್ಲಿರಬೇಕು. ಪರಿಸರದ ಕಾಳಜಿ ನಮಗೆಲ್ಲ ಇದೆ, ಆದರೆ ಶನಿವಾರ ಬೆಳಗ್ಗೆ ಎರಡು ಬಸ್ಸು ಬದಲಿಸಿ ಸತ್ತ ಹೇರ್ ಡ್ರೈಯರ್ ಒಯ್ಯುವಷ್ಟು ಶಕ್ತಿ ಆ ಕಾಳಜಿಗೆ ಎಲ್ಲ ವಾರವೂ ಇರುವುದಿಲ್ಲ. ಇಲ್ಲಿನ ಕಾನೂನು ಇದನ್ನು ಅರ್ಥಮಾಡಿಕೊಂಡಂತಿದೆ. 2016ರಿಂದ ದೊಡ್ಡ ಎಲೆಕ್ಟ್ರಾನಿಕ್ಸ್ ಅಂಗಡಿಗಳು, 2022ರ ಜುಲೈನಿಂದ ಎಲೆಕ್ಟ್ರಾನಿಕ್ ಸಾಮಾನನ್ನೂ ಆಗಾಗ ಮಾರುವ, ಕನಿಷ್ಠ 800 ಚದರ ಮೀಟರಿನ ಸೂಪರ್‌ಮಾರ್ಕೆಟ್‌ಗಳು ಹಳೆಯ ಸಾಧನಗಳನ್ನು ಉಚಿತವಾಗಿ ತೆಗೆದುಕೊಳ್ಳಲೇಬೇಕು. ಯಾವ ಬದಿಯೂ 25 ಸೆಂಟಿಮೀಟರ್ ಮೀರದ ಸಾಮಾನಿಗೆ ನೀವು ಹೊಸತೇನನ್ನೂ ಕೊಳ್ಳಬೇಕಿಲ್ಲ, ಬಿಲ್ ತೋರಿಸಬೇಕಿಲ್ಲ. ಲಿಡ್ಲ್, ಆಲ್ಡಿಗೆ ಹಾಲು ತರಲು ಹೋಗುವಾಗಲೇ ಹಳೇ ಫೋನನ್ನೂ ಒಯ್ಯಬಹುದು. ಕೌಂಟರಿನಲ್ಲಿ ‘ಆಲ್ಟ್‌ಗೆರೇಟ್’ (ಹಳೆಯ ಸಾಧನ) ಎಂದರೆ ಸಾಕು, ಮುಂದಿನದನ್ನು ಅವರೇ ಹೇಳುತ್ತಾರೆ.

ಊರಿಂದ ಹೊತ್ತು ತಂದ ಮಿಕ್ಸಿಯ ಮೋಟಾರು ಸುಟ್ಟರೆ? ಅದರ ಉದ್ದ ಹಲವು ಸಲ 25 ಸೆಂಟಿಮೀಟರ್ ದಾಟುತ್ತದೆ, ವೆಟ್ ಗ್ರೈಂಡರ್ ಅಂತೂ ಖಂಡಿತ ದಾಟುತ್ತದೆ. ಇವು ನಗರಸಭೆಯ ಮರುಬಳಕೆ ಸಾಮಾನಿನ ಸಂಗ್ರಹ ಕೇಂದ್ರಕ್ಕೆ, ಅಂದರೆ ವೆರ್ಟ್‌ಶ್ಟೋಫ್‌ಹೋಫ್‌ಗೆ ಹೋಗಬೇಕು, ಅಲ್ಲಿಯೂ ಶುಲ್ಕವಿಲ್ಲ. ಕಾರಿಲ್ಲದ ಹೊಸ ಮನೆಯವರು ಕನ್ನಡ ಕೂಟದಲ್ಲಿ ಒಂದು ಮಾತು ಹೇಳಿ. ಆ ಕಡೆ ಹೋಗುವವರು ಯಾರಾದರೂ ಇದ್ದೇ ಇರುತ್ತಾರೆ, ಕೇಳಲು ಸಂಕೋಚ ಬೇಡ.

ನಾರ್ತ್ ರೈನ್ ವೆಸ್ಟ್‌ಫಾಲಿಯಾದ ಊರುಗಳಲ್ಲಿ ಇಂದಿಗೂ ರಾಗ ನುಡಿಸುತ್ತಾ ಗುಜರಿ ವ್ಯಾನುಗಳು ಬೀದಿ ಸುತ್ತುತ್ತವೆ. ಕೇಳಿದರೆ ನಮ್ಮ ಬೀದಿಯೇ ನೆನಪಾಗುತ್ತದೆ. ಆದರೂ ಅವರಿಗೆ ವಿದ್ಯುತ್ ಸಾಮಾನು ಕೊಡಬೇಡಿ. ಅಧಿಕೃತ ಸಂಗ್ರಹಕಾರರ ಹೊರತು ಬೇರಾರೂ ಅದನ್ನು ಪಡೆಯುವಂತಿಲ್ಲ. ಮನೆಯ ಕಸದ ಡಬ್ಬಿಗೂ ಹಾಕುವಂತಿಲ್ಲ. ಸಾಧನದ ಮೇಲೆ ಗೀಟು ಹೊಡೆದ ಕಸದ ಡಬ್ಬಿಯ ಚಿತ್ರವಿರುವುದು ಅದಕ್ಕೇ. ಡಬ್ಬಿಗೆ ಬಿದ್ದ ಲಿಥಿಯಂ ಬ್ಯಾಟರಿ ಕಸದ ಲಾರಿಯಲ್ಲಿ ಜಜ್ಜಿಹೋಗಿ ಬೆಂಕಿ ಹೊತ್ತಿಸುತ್ತದೆ, ಅಲ್ಲಿ ದುಡಿಯುವವರ ಜೀವಕ್ಕೇ ಅದು ಕುತ್ತು. ಸುಲಭವಾಗಿ ಬಿಚ್ಚಬಹುದಾದ ಬ್ಯಾಟರಿಯನ್ನು ಬಿಚ್ಚಿ, ತುದಿಗಳಿಗೆ ಟೇಪ್ ಅಂಟಿಸಿ, ಬ್ಯಾಟರಿ ಮಾರುವ ಅಂಗಡಿಯ ಪೆಟ್ಟಿಗೆಗೆ ಹಾಕಿ.

ವಿಶ್ವಸಂಸ್ಥೆಯ ಲೆಕ್ಕದಲ್ಲಿ 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಹುಟ್ಟಿತು. ಸರಿಯಾಗಿ ಸಂಗ್ರಹವಾಗಿ ಮರುಬಳಕೆಯ ದಾರಿ ಹಿಡಿದದ್ದು ಶೇ. 22.3 ಮಾತ್ರ. ಉಳಿದದ್ದರಲ್ಲಿ ತಾಮ್ರವಿತ್ತು, ಚಿನ್ನವಿತ್ತು, ಸೀಸವೂ ಇತ್ತು. ನಮ್ಮ ಖಾನೆಯ ಫೋನು ಯಾವ ಪಾಲಿಗೆ ಸೇರಬೇಕೆಂಬುದು ನಮ್ಮ ಕೈಯಲ್ಲಿದೆ.

ಕೊನೆಗೆ, ಬಾಡಿಗೆ ಮನೆ ಬದಲಿಸುವವರಿಗೆ: ಹೊಸ ಫ್ರಿಜ್ಜನ್ನೋ ವಾಷಿಂಗ್ ಮಷೀನನ್ನೋ ಆನ್‌ಲೈನ್‌ನಲ್ಲಿ ತರಿಸಿದರೆ, ಅದನ್ನು ತಲುಪಿಸುವಾಗ ಅದೇ ಬಗೆಯ ಹಳೆಯದನ್ನು ಉಚಿತವಾಗಿ ಒಯ್ಯುವುದು ಮಾರಾಟಗಾರರ ಕರ್ತವ್ಯ. ಆರ್ಡರ್ ಮಾಡುವ ಹೊತ್ತಿಗೇ ಅದನ್ನು ಗುರುತು ಹಾಕಿ. ಲಾರಿ ಬಂದು ನಿಂತ ಮೇಲೆ ಹೇಳಿದರೆ ಒಯ್ಯಲು ಆಗದೆ ಹೋಗಬಹುದು.