ಮಕ್ಕಳಲ್ಲಿ ಇಯೋಸಿನೊಫಿಲ್ ಸಂಬಂಧಿ ಜಠರ-ಕರುಳಿನ ಉರಿಯೂತ

ಮಗು ಪದೇ ಪದೇ ಹೊಟ್ಟೆನೋವೆಂದಾಗ ಅಜೀರ್ಣವಿರಬಹುದೆಂದು ಹಿರಿಯರು ಭಾವಿಸುವುದು ಸಹಜ. ಬಹುಪಾಲು ಸಂದರ್ಭಗಳಲ್ಲಿ ಕಾರಣವು ಅಂತಹುದೇ ಆಗಿರುತ್ತದೆ. ಆದರೆ ನೋವು, ವಾಂತಿ, ಭೇದಿಗಳು ವಾರಗಟ್ಟಲೆ ಮುಂದುವರಿದು, ತೂಕ ಏರದೆ, ರಕ್ತಹೀನತೆ ಅಥವಾ ಕಾಲುಗಳಲ್ಲಿ ಬಾವು ಕಾಣಿಸಿಕೊಂಡಲ್ಲಿ ತಜ್ಞ ವೈದ್ಯರ ಪರೀಕ್ಷೆ ಅವಶ್ಯಕ. ಇವುಗಳಿಗೆ ಕಾರಣವಾಗಬಲ್ಲ ಅಪರೂಪದ ರೋಗಗಳಲ್ಲಿ ಒಂದನ್ನು ಇಲ್ಲಿ ವಿವರಿಸಲಾಗಿದೆ.

ಇಯೋಸಿನೊಫಿಲ್ ಎಂಬುದು ಬಿಳಿ ರಕ್ತಕಣಗಳ ಒಂದು ಬಗೆ. ಹುಳುಗಳ ಸೋಂಕು ಮತ್ತು ಅಲರ್ಜಿಗಳಲ್ಲಿ ಇವುಗಳ ಸಂಖ್ಯೆ ಏರುತ್ತದೆ. ಬೇರಾವ ಕಾರಣವೂ ಇಲ್ಲದೆ ಇವು ಜಠರ ಮತ್ತು ಕರುಳಿನ ಗೋಡೆಯಲ್ಲಿ ಅತಿಯಾಗಿ ಶೇಖರಗೊಂಡು ಉರಿಯೂತ ಉಂಟುಮಾಡುವುದೇ ಈ ರೋಗ. 1937ರಲ್ಲಿ ಇದನ್ನು ಮೊದಲು ವರ್ಣಿಸಲಾಯಿತು. ರೋಗ ತಗುಲಿದ ಭಾಗಕ್ಕನುಗುಣವಾಗಿ ಹೆಸರಿಸಬೇಕೆಂದು 2022ರಲ್ಲಿ ಅಂತಾರಾಷ್ಟ್ರೀಯ ತಜ್ಞರು ಸೂಚಿಸಿರುವುದರಿಂದ ವರದಿಗಳಲ್ಲಿ ಬೇರೆ ಹೆಸರು ಕಂಡುಬರಬಹುದು.

ರೋಗನಿರ್ಣಯದಲ್ಲಿ ಅವಸರ ಸಲ್ಲದು. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಈ ಕಣಗಳು 500ಕ್ಕಿಂತ ಹೆಚ್ಚಿದ್ದರೆ ಏರಿಕೆಯೆಂದು ಪರಿಗಣಿಸುತ್ತಾರೆ. ಆದರೆ ಅಷ್ಟರಿಂದಲೇ ರೋಗ ಸಿದ್ಧಪಡುವುದಿಲ್ಲ, ಕೆಲವು ರೋಗಿಗಳಲ್ಲಿ ಈ ಏರಿಕೆಯೇ ಇರುವುದಿಲ್ಲ. ನಮ್ಮ ದೇಶದಲ್ಲಿ ಮೊದಲು ಶಂಕಿಸಬೇಕಾದುದು ಹುಳುಗಳನ್ನು. ಮೊಟ್ಟೆ, ಮರಿಗಳು ಪ್ರತಿದಿನವೂ ಹೊರಬೀಳದಿರುವುದರಿಂದ ಮಲಪರೀಕ್ಷೆಯನ್ನು ಒಂದಕ್ಕಿಂತ ಹೆಚ್ಚು ಬಾರಿ ಮಾಡಿಸಬೇಕು. ಸ್ಟ್ರಾಂಜಿಲಾಯ್ಡಿಸ್ ಎಂಬ ಸೂಕ್ಷ್ಮ ಹುಳು ಒಳಗಿರುವಾಗ ಸ್ಟೀರಾಯ್ಡ್ ಔಷಧ ನೀಡಿದಲ್ಲಿ ಅದು ದೇಹವೆಲ್ಲ ಹರಡಿ ಪ್ರಾಣಕ್ಕೇ ಅಪಾಯವಾಗಬಹುದು. 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ನೀಡಲಾಗುತ್ತಿರುವ ಆಲ್ಬೆಂಡಜೋಲ್ ಮಾತ್ರೆಯು ಉಪಯುಕ್ತವೇ ಆದರೂ ಅದರ ಒಂದೇ ಪ್ರಮಾಣವನ್ನು ಈ ಹುಳುವಿನ ವಿಷಯದಲ್ಲಿ ನೆಚ್ಚಿಕೊಳ್ಳುವಂತಿಲ್ಲ.

ಹುಳುಗಳಿಲ್ಲವೆಂದು ಖಚಿತಪಟ್ಟ ಬಳಿಕ ಎಂಡೋಸ್ಕೋಪಿ ಮಾಡುತ್ತಾರೆ. ಒಳಪೊರೆ ಕಣ್ಣಿಗೆ ಆರೋಗ್ಯಕರವಾಗಿ ತೋರಿದರೂ ರೋಗವಿರಬಹುದು; ಅಲ್ಲದೆ ಅದು ಅಲ್ಲಲ್ಲಿ ಚದುರಿರುತ್ತದೆ. ಆದಕಾರಣ ಅನೇಕ ಕಡೆಗಳಿಂದ ಅಂಗಾಂಶದ ಚೂರುಗಳನ್ನು ತೆಗೆದು, ಸೂಕ್ಷ್ಮದರ್ಶಕದಲ್ಲಿ ಕಣಗಳನ್ನು ಎಣಿಸಬೇಕಾಗುತ್ತದೆ. ಸ್ನಾಯುಪದರಕ್ಕೆ ರೋಗ ತಗುಲಿದ್ದರೆ ಕರುಳು ಕಟ್ಟಿಕೊಳ್ಳಬಹುದು, ಒಳಪೊರೆಯ ಚೂರಿನಲ್ಲಿ ಏನೂ ಕಾಣದಿರಲೂಬಹುದು. ಹೊರಪದರಕ್ಕೆ ತಗುಲಿದ್ದರೆ ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಆ ನೀರಿನ ಪರೀಕ್ಷೆಯೇ ಸುಳಿವು ಕೊಡುತ್ತದೆ.

ಚಿಕಿತ್ಸೆಯ ಒಂದು ಮಾರ್ಗ ಆಹಾರ ನಿಯಂತ್ರಣ. ಹಾಲು, ಗೋಧಿ, ಮೊಟ್ಟೆ, ಸೋಯಾ, ಕಡಲೆಕಾಯಿ ಹಾಗೂ ಗೋಡಂಬಿಯಂತಹ ಬೀಜಗಳು, ಮೀನು ಇವನ್ನು ಕೆಲವು ವಾರ ವರ್ಜಿಸಿ, ಬಳಿಕ ಒಂದೊಂದಾಗಿ ಪುನಃ ಕೊಟ್ಟು ನೋಡುತ್ತಾರೆ. ಹೇಳುವುದು ಸುಲಭ, ಪಾಲಿಸುವುದು ಕಷ್ಟ. ಮಜ್ಜಿಗೆ, ತುಪ್ಪಗಳೂ ಹಾಲಿನವೇ. ಉಪ್ಪಿಟ್ಟಿನ ರವೆ, ಬಿಸ್ಕತ್ತು ಗೋಧಿಯವು. ಅಂಗಡಿಯ ಇಂಗಿನಲ್ಲಿಯೂ ಗೋಧಿಹಿಟ್ಟು ಬೆರೆತಿರುವುದುಂಟು. ಅನ್ನ ಮತ್ತು ರಾಗಿ ಸಾಮಾನ್ಯವಾಗಿ ಈ ಪಟ್ಟಿಗೆ ಸೇರುವುದಿಲ್ಲ. ಹಾಲು ಬಿಟ್ಟ ಮಗುವಿಗೆ ರಾಗಿಯ ಸುಣ್ಣದಂಶವೂ ಒದಗುತ್ತದೆ. ಬೆಳೆಯುವ ಮಗುವಿಗೆ ಆಹಾರತಜ್ಞರ ಸಲಹೆಯಿಲ್ಲದೆ ಇಂತಹ ಪಥ್ಯ ಮಾಡಿಸುವುದು ಹಿತಕರವಲ್ಲ.

ಪಥ್ಯದಿಂದ ಗುಣ ಕಾಣದಿದ್ದಲ್ಲಿ, ಅಥವಾ ರೋಗ ತೀವ್ರವಾಗಿದ್ದಲ್ಲಿ, ತೂಕಕ್ಕನುಗುಣವಾಗಿ ಪ್ರೆಡ್ನಿಸೊಲೋನ್ ನೀಡಲಾಗುತ್ತದೆ. ಹೆಚ್ಚಿನ ಮಕ್ಕಳು ಕೆಲವೇ ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಚೇತರಿಸಿತೆಂದು ಔಷಧವನ್ನು ಒಮ್ಮೆಲೇ ನಿಲ್ಲಿಸಕೂಡದು. ವೈದ್ಯರು ಹಂತಹಂತವಾಗಿ ತಗ್ಗಿಸುತ್ತಾರೆ. ರೋಗ ಮರುಕಳಿಸುವುದುಂಟು. ಆಗ ಬ್ಯುಡೆಸೊನೈಡ್‌ನಂತಹ ಔಷಧಗಳನ್ನು ಪರಿಶೀಲಿಸಲಾಗುತ್ತದೆ. ದೀರ್ಘಕಾಲದ ಸ್ಟೀರಾಯ್ಡ್ ಬೆಳವಣಿಗೆಯನ್ನು ಕುಂಠಿತಗೊಳಿಸಬಲ್ಲುದಾದ್ದರಿಂದ ಎತ್ತರ, ತೂಕಗಳನ್ನು ಪ್ರತಿ ಭೇಟಿಯಲ್ಲಿಯೂ ಬರೆದಿಡಬೇಕು. ಈ ಅವಧಿಯಲ್ಲಿ ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ಯಾರಿಗಾದರೂ ಚಿಕನ್‌ಪಾಕ್ಸ್ ಕಾಣಿಸಿಕೊಂಡರೆ ಅಂದೇ ವೈದ್ಯರಿಗೆ ತಿಳಿಸಬೇಕು. ಲಸಿಕೆ ಹಾಕಿಸುವ ಮುನ್ನವೂ ಅವರನ್ನು ಕೇಳಬೇಕು.